ತಂಗಿಯ ದುಡ್ಡಿಗೆ ತೆರಿಗೆ ಹುಡುಕಿದ ಮಾವ

ಇಡೀ ಮೈಸೂರಿನಲ್ಲಿ ಆದಾಯ ತೆರಿಗೆಗೆ ಅತಿ ಹೆಚ್ಚು ಹೆದರುವ ಮನುಷ್ಯ ಎಂದರೆ ನನ್ನ ಸೋದರಮಾವ. ಅವರಿಗೆ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲ ಎಂಬುದು ಬೇರೆ ಮಾತು. ಲಷ್ಕರ್ ಮೊಹಲ್ಲಾದ ಪುಟ್ಟ ಅಂಗಡಿಯಲ್ಲಿ ಮಿಕ್ಸಿ ರಿಪೇರಿ ಮಾಡುತ್ತಾರೆ. ಎದುರಿಗೆ ಬಿಳಿ ಕಾರೊಂದು ನಿಂತರೆ ಸಾಕು, ಅರ್ಧ ಬಿಚ್ಚಿದ ಮಿಕ್ಸಿಗೆ ಟವೆಲ್ ಹೊದಿಸಿ ಒಳಗೆ ಸರಿಯುತ್ತಾರೆ. ಕಾರಿನವರು ಪಕ್ಕದ ಬೇಕರಿಗೆ ಬಂದಿರುತ್ತಾರೆ!

ಮಸ್ಕತ್ತಿನಲ್ಲಿ ನರ್ಸ್ ಆಗಿರುವ ನನ್ನ ಚಿಕ್ಕಮ್ಮ, ಅಂದರೆ ಮಾವನ ತಂಗಿ, ಒಮ್ಮೆ ಖರ್ಜೂರದ ಡಬ್ಬಿ ತಂದುಕೊಟ್ಟರು. "ಫಾರಿನ್ ಮಾಲು. ಮನೇಲಿ ಇಟ್ಕೋಬಾರ್ದು" ಎಂದು ಮಾವ ಅದನ್ನು ಇಡೀ ಬೀದಿಗೆ ಹಂಚಿದರು. ಸಾಕ್ಷ್ಯ ನಾಶವಾಯಿತು. ಸಾಕ್ಷಿಗಳು ಮಾತ್ರ ಮನೆಗೊಬ್ಬರಂತೆ ಹುಟ್ಟಿಕೊಂಡರು.

ಇಷ್ಟಕ್ಕೇ ಮುಗಿದಿದ್ದರೆ ನಗುತ್ತಾ ಇದ್ದುಬಿಡಬಹುದಿತ್ತು. ಹೋದ ವರ್ಷ ಡಾಕ್ಟರು ಮಾವನಿಗೆ, ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ತಡಮಾಡದೆ ಸ್ಟೆಂಟ್ ಹಾಕಿಸಿ ಎಂದರು. ಚಿಕ್ಕಮ್ಮ ಅವತ್ತೇ ಮಾವನ ಖಾತೆಗೆ ದುಡ್ಡು ಕಳಿಸಿದರು. ಬೇರೆ ಯಾರಾದರೂ ಆಗಿದ್ದರೆ ಆಸ್ಪತ್ರೆಗೆ ಹೋಗುತ್ತಿದ್ದರು. ಮಾವ ಬ್ಯಾಂಕಿಗೆ ಹೋದರು, ದುಡ್ಡು ವಾಪಸ್ ಕಳಿಸಲು.

"ತಂಗಿ ಕೊಟ್ಟಿದ್ದಕ್ಕೆ ಟ್ಯಾಕ್ಸ್ ಇಲ್ಲ ಸರ್" ಎಂದರು ಬ್ಯಾಂಕಿನಾಕೆ.

"ಇವತ್ತು ಇಲ್ಲ ಅಂತೀರಿ. ನಾಳೆ ಟ್ಯಾಕ್ಸ್‌ನವ್ರು ಮನೆಗೆ ಬಂದ್ರೆ ಬಾಗಿಲು ತೆಗೆಯಕ್ಕೆ ನೀವು ಬರ್ತೀರಾ?"

ಬಿ.ಕಾಂ. ಓದಿದವಳೆಂಬ ಜಂಬದಲ್ಲಿ ನಾನೂ ವಿವರಿಸಿದೆ. ಮಾವ ಗಮನವಿಟ್ಟು ಕೇಳಿ, "ಪರೀಕ್ಷೇಲಿ ಎಷ್ಟು ಮಾರ್ಕ್ಸ್ ಬಂದಿತ್ತಮ್ಮ ನಿಂಗೆ?" ಎಂದರು. ಕೊನೆಗೆ ಯಾದವಗಿರಿಯ ಆಡಿಟರ್ ಬಳಿ ಕರೆದುಕೊಂಡು ಹೋದೆ.

"ಸ್ನೇಹಿತರು ಜಾಸ್ತಿ ಕೊಟ್ರೆ ತೆರಿಗೆ ಬರುತ್ತೆ. ಒಡಹುಟ್ಟಿದ ತಂಗಿ ಎಷ್ಟು ಕೊಟ್ರೂ ಇಲ್ಲ" ಎಂದರು ಆಡಿಟರ್. "ಅದನ್ನ ಬ್ಯಾಂಕಲ್ಲಿಟ್ಟು ಬಡ್ಡಿ ಬಂದ್ರೆ, ಆ ಬಡ್ಡಿ ಮಾತ್ರ ನಿಮ್ಮ ಆದಾಯ. ಒಂದು ಗಿಫ್ಟ್ ಪತ್ರ ಮಾಡಿಟ್ಕೊಳ್ಳಿ, ಸಾಕು."

ಪತ್ರದ ಕರಡನ್ನೂ ಕೊಟ್ಟರು. ಪ್ರೀತಿಯಿಂದ ಕೊಟ್ಟದ್ದು, ಹಿಂದಿರುಗಿಸಬೇಕಾಗಿಲ್ಲ ಎಂದಿತ್ತು. ಮಾವ ಆ ಸಾಲಿನ ಮೇಲೆ ಬೆರಳಿಟ್ಟರು.

"ಇದನ್ನ ಹೊಡೆದಾಕಿ. ಸಾಲ ಅಂತ ಬರೀರಿ."

"ಸಾಲ ಅಂದ್ರೆ ನಿಯಮಾನೇ ಬೇರೆ ಸರ್. ಇಲ್ಲದ ತಲೆನೋವು ಯಾಕೆ?"

"ಬರಲಿ ಬುಡಿ. ತವರಿಂದ ಹೆಣ್ಮಗಳಿಗೆ ಹೋಗ್ಬೇಕು ಕಣ್ರೀ. ಅವಳ ಹತ್ರ ಇಸ್ಕೊಂಡು, ವಾಪಸ್ ಕೊಡಲ್ಲ ಅಂತ ಬೇರೆ ಸಹಿ ಹಾಕ್ಲಾ?"

ಸರ್ಕಾರವೇ ಬಿಟ್ಟುಕೊಟ್ಟ ದುಡ್ಡಿಗೆ ಮಾವ ತಾವೇ ತೆರಿಗೆ ಹೇರಿಕೊಂಡು ಕೂತಿದ್ದರು. ಯಾವ ಇಲಾಖೆಗೆ ಮೇಲ್ಮನವಿ ಸಲ್ಲಿಸುವುದು?

ಕಚೇರಿಯ ಮೆಟ್ಟಿಲಿಳಿಯುವಾಗ ಮಾವ ಕಂಬಿ ಹಿಡಿದರು. ಮುಖವೆಲ್ಲ ಬೆವರು. "ಗ್ಯಾಸ್ ಕಣಮ್ಮ" ಎಂದವರು ಹಾಗೇ ಕುಸಿದರು. ನಾನು ಹಿಡಿದ ತೋಳು ನನ್ನ ಕೈಯಿಂದ ಜಾರಿತು. ಈಗಲೂ ಬಟ್ಟೆ ಒಣಗಹಾಕುವಾಗ, ಬಸ್ಸಿಗೆ ಕಾಯುವಾಗ, ಇದ್ದಕ್ಕಿದ್ದಂತೆ ಆ ತೋಳು ಮತ್ತೆ ಜಾರುತ್ತದೆ. ನಾನು ಮತ್ತೆ ಹಿಡಿಯಲು ಹೋಗುತ್ತೇನೆ.

ಆಡಿಟರೇ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಈಗಲೇ ಸ್ಟೆಂಟ್ ಹಾಕಬೇಕು, ಒಪ್ಪಿಗೆಗೆ ಸಹಿ ಬೇಕು ಎಂದರು ಡಾಕ್ಟರು. ಸ್ಟ್ರೆಚರ್ ಮೇಲೆ ಮಲಗಿದ್ದ ಮಾವ ಪೆನ್ನು ಮುಟ್ಟಲಿಲ್ಲ. "ಅವಳ ದುಡ್ಡು ಬೇಡ" ಎಂದರು.

ನಾನು ಚಿಕ್ಕಮ್ಮನಿಗೆ ಫೋನ್ ಮಾಡಿ, ನಡೆದದ್ದು ಹೇಳಿ, ಸ್ಪೀಕರ್ ಹಾಕಿ ಮಾವನ ಕೈಯಲ್ಲಿಟ್ಟೆ. ಬೈಗುಳ ಬರುತ್ತದೆ ಎಂದುಕೊಂಡಿದ್ದೆ.

"ಅಣ್ಣ, ಈ ಸಲ ಗೌರಿ ಹಬ್ಬಕ್ಕೆ ನಂಗೆ ಬಾಗಿನ ಯಾರು ಕೊಡ್ತಾರೆ? ಎಲ್ಲಿಗೆ ಹೋಗ್ತಿದ್ದೀಯೋ ಅಲ್ಲಿನ ಅಡ್ರೆಸ್ ಕೊಟ್ಟು ಹೋಗು. ಅಲ್ಲಿಗೇ ಬಂದು ಇಸ್ಕೋತೀನಿ."

"ಹುಚ್ಚಿ" ಎಂದರು ಮಾವ. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು. "ನಾನೇ ಕೊಡ್ತೀನಿ ಬುಡು."

ಒಂದು ಕೈಯಲ್ಲಿ ಸಹಿ ಹಾಕಿದರು. ಇನ್ನೊಂದು ಕೈ ಫೋನನ್ನು ಬಿಡಲಿಲ್ಲ.