ಒಂದು ಸಾಲು ಎಡಕ್ಕೆ ಸರಿದದ್ದು

ಆ ದಿನ ಬೆಳಿಗ್ಗೆ ಡೆರ್ಲಿಸ್ ಕಾನ್ಯೆತೆ ಕಚೇರಿಗೆ ಬಂದು ಮಾಡಿದ್ದು ಒಂದೇ ಕೆಲಸ. ಕೀಲಿಮಣೆಯ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದ. ಅದೂ ಯಾರ ಮನಸ್ಸನ್ನೂ ನೋಯಿಸಬಾರದು ಎಂಬ ಒಳ್ಳೆಯ ಬುದ್ಧಿಯಿಂದ.

ಸಾಂತಾ ಲಿಬ್ರಾದಾ ಬಸ್ ನಿಲ್ದಾಣದ ಕಂಪ್ಯೂಟರ್ ಕೋಣೆಯಲ್ಲಿ ಅವನೂ ಸೇರಿ ಮೂವರಿದ್ದರು. ಪೋರ್ಫಿರಿಯೊ ಮತ್ತು ನಿಮಿಯಾ ಹಳಬರು. ಡೆರ್ಲಿಸ್ ಇನ್ನೂ ಕಾಯಂ ಆಗದವನು. ಅವನನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ನಿರ್ದೇಶಕ ದೋನ್ ಹೆರಿಬೆರ್ತೊ ಅಂದೇ ಹೇಳುವವರಿದ್ದರು. ಹೀಗಾಗಿ ಅವನು ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದಿದ್ದ.

ಹಳಬರಿಬ್ಬರೂ ಎಲ್ಲದರಲ್ಲೂ ಅನ್ಯೋನ್ಯವಾಗಿದ್ದರು, ಒಂದನ್ನು ಬಿಟ್ಟು. ಪ್ರೋಗ್ರಾಮಿನ ಸಾಲುಗಳನ್ನು ಬಲಕ್ಕೆ ಸರಿಸಿ ಬರೆಯುವಾಗ ಪೋರ್ಫಿರಿಯೊ ಟ್ಯಾಬ್ ಗುಂಡಿ ಒತ್ತುತ್ತಿದ್ದ. ನಿಮಿಯಾ ಸ್ಪೇಸ್ ಗುಂಡಿಯನ್ನು ನಾಲ್ಕು ಸಲ ಒತ್ತುತ್ತಿದ್ದಳು. ಪರದೆಯ ಮೇಲೆ ಎರಡೂ ಬರೀ ಖಾಲಿ ಜಾಗವೇ. ಆ ಖಾಲಿ ಜಾಗಕ್ಕಾಗಿ ಅವರು ಹಿತ್ತಿಲ ಗೋಡೆಯ ತಕರಾರಿನ ದಾಯಾದಿಗಳ ಹಾಗೆ ಕಾದಾಡುತ್ತಿದ್ದರು. ಡೆರ್ಲಿಸ್ ಇಬ್ಬರಿಗೂ ಗುಟ್ಟಾಗಿ "ನೀವು ಹೇಳೋದೇ ಸರಿ" ಎಂದಿದ್ದ. ಅಂದು ಬೆಳಿಗ್ಗೆ ಇಬ್ಬರೂ ಬೇರೆ ಬೇರೆಯಾಗಿ ಅವನ ಕಿವಿಯ ಬಳಿ ಬಂದು, ಬಸ್ಸುಗಳ ವಿಷಯ ಸಾರುವ ಧ್ವನಿವರ್ಧಕದ ಪ್ರೋಗ್ರಾಮನ್ನು ತಮ್ಮ ಪದ್ಧತಿಗೆ ತಂದುಬಿಡು, ಸಾಹೇಬರ ಹತ್ತಿರ ನಿನ್ನ ಪರವಾಗಿ ಮಾತಾಡುತ್ತೇನೆ ಎಂದರು.

ಯಾರನ್ನು ಎದುರು ಹಾಕಿಕೊಳ್ಳುವುದು? ಸಾಲುಗಳನ್ನು ತಾನೇ ಓರಣ ಮಾಡುವ ಸೌಲಭ್ಯ ಪ್ರೋಗ್ರಾಮು ಬರೆಯುವ ಎಡಿಟರಿನಲ್ಲಿತ್ತು. ಅದು ಹೇಗೆ ಜೋಡಿಸುತ್ತದೋ ಹಾಗೇ ಇರಲಿ, ಕೇಳಿದರೆ ಯಂತ್ರದ ಮೇಲೆ ಹಾಕಿದರಾಯಿತು ಎಂದುಕೊಂಡು ಡೆರ್ಲಿಸ್ ಆ ಎರಡು ಗುಂಡಿಗಳನ್ನು ಒತ್ತಿದ. ಸಾಲುಗಳೆಲ್ಲ ಪರೇಡಿಗೆ ನಿಂತ ಪೊಲೀಸರಂತೆ ನೆಟ್ಟಗಾದವು. ಅವನು ಉಳಿಸಿ, ಚಾಲೂ ಮಾಡಿ, ತಣ್ಣನೆಯ ತೆರೆರೆ ಕಷಾಯ ಹೀರಲು ಕೂತ.

ಆ ಪ್ರೋಗ್ರಾಮು ಬರೆದಿದ್ದ ಭಾಷೆಯಲ್ಲಿ ಖಾಲಿ ಜಾಗವೂ ಮಾತಾಡುತ್ತದೆ. "ಬಸ್ಸು ರದ್ದಾಗಿದ್ದರೆ" ಎಂಬ ಸಾಲಿನ ಕೆಳಗೆ ಬಲಕ್ಕೆ ಸರಿದು ನಿಂತ ಸಾಲುಗಳು ಬಸ್ಸು ರದ್ದಾದಾಗ ಮಾತ್ರ ನಡೆಯುತ್ತವೆ. ಅಲ್ಲಿ ಎರಡು ಸಾಲುಗಳಿದ್ದವು: ಹಲಗೆಯಿಂದ ಬಸ್ಸಿನ ಹೆಸರು ಅಳಿಸು, ಪ್ರಯಾಣಿಕರ ಕ್ಷಮೆ ಕೇಳು. ಟ್ಯಾಬು ಸ್ಪೇಸುಗಳ ಕಲಬೆರಕೆಯಲ್ಲಿ ಗಲಿಬಿಲಿಗೊಂಡ ಎಡಿಟರು ಎರಡನೆಯ ಸಾಲನ್ನು ಎಳೆದು ಎಡಕ್ಕೆ ತಂದಿಟ್ಟಿತ್ತು. ಈಗ ಬಸ್ಸು ರದ್ದಾಗಲಿ ಆಗದಿರಲಿ, ಕ್ಷಮೆ ಕೇಳುವುದೇ ಕೇಳುವುದು.

"ವಿಯಾರಿಕಾಕ್ಕೆ ಹೋಗುವ ಬಸ್ಸು ಏಳನೇ ಅಂಕಣದಿಂದ ಹೊರಡಲಿದೆ" ಎಂದಿತು ಧ್ವನಿವರ್ಧಕ. ಒಂದು ಉಸಿರು ಬಿಟ್ಟು, ಅದೇ ಜೇನಿನಂಥ ಹೆಣ್ಣುದನಿಯಲ್ಲಿ, "ದಯವಿಟ್ಟು ಕ್ಷಮಿಸಿ, ಈ ಬಸ್ಸು ಇಂದು ಹೋಗುವುದಿಲ್ಲ. ನಾಲ್ಕನೇ ಕಿಟಕಿಗೆ ಬನ್ನಿ" ಎಂದಿತು.

ಡೆರ್ಲಿಸ್‌ನ ಬಾಯಲ್ಲಿದ್ದ ತೆರೆರೆ ಮೂಗಿಗೆ ಏರಿತು. ಹಿಂದೆಯೇ ಪಿಲಾರಿನ ಬಸ್ಸಿಗೂ ಕ್ಷಮೆ, ಎಂಕಾರ್ನಸಿಯೋನಿನ ಬಸ್ಸಿಗೂ ಕ್ಷಮೆ. ಅವನು ಓಡಿಹೋಗಿ ಕಿಟಕಿಯಿಂದ ನೋಡಿದ. ಬಸ್ ಹತ್ತಿದ್ದವರು ಗಂಟುಮೂಟೆ, ಕೋಳಿ, ಕೂಸು ಸಮೇತ ಇಳಿಯುತ್ತಿದ್ದರು. ನಾಲ್ಕನೇ ಕಿಟಕಿಯಲ್ಲಿ ಕೂರುವ ಮುದುಕಿ ಒಬ್ದುಲಿಯಾಳ ತಲೆ ಜನರ ನಡುವೆ ಒಮ್ಮೆ ಕಂಡು ಮುಳುಗಿತು.

ತಪ್ಪು ಯಾವ ಸಾಲಿನದು ಎಂದು ಅವನಿಗೆ ಕೂಡಲೇ ಹೊಳೆಯಿತು. ತಿದ್ದಲು ಬಂದರೆ ಕುರ್ಚಿಯಲ್ಲಿ ಪೋರ್ಫಿರಿಯೊ ಕೂತಿದ್ದ.

"ನೋಡ್ದೇನೋ, ನಾನು ಮೊದಲೇ ಬಡ್ಕೊಂಡೆ. ಇದೆಲ್ಲ ಆ ಸ್ಪೇಸಿನ ಕರಾಮತ್ತು" ಎನ್ನುತ್ತ ಅವನು ಇಡೀ ಪ್ರೋಗ್ರಾಮನ್ನು ಟ್ಯಾಬಿಗೆ ಪರಿವರ್ತಿಸುತ್ತಿದ್ದ. ಎಡಕ್ಕೆ ಸರಿದ ಸಾಲು ಎಡಕ್ಕೇ ಉಳಿಯಿತು. ಧ್ವನಿವರ್ಧಕ ಮತ್ತೂ ಮೂರು ಊರುಗಳ ಕ್ಷಮೆ ಕೇಳಿತು. ಆಗ ನಿಮಿಯಾ ಅವನನ್ನು ಎಬ್ಬಿಸಿ, ತಾನು ಕೂತು, ಎಲ್ಲವನ್ನೂ ಸ್ಪೇಸಿಗೆ ತಿರುಗಿಸಿದಳು. ಸಾಲು ಇದ್ದಲ್ಲೇ ಇತ್ತು. ಅದು ಅಲ್ಲಿರಬೇಕಾದದ್ದಲ್ಲ ಎಂದು ಡೆರ್ಲಿಸ್ ಒಂದು ಬೆರಳು ತೋರಿಸಿದ್ದರೆ ಸಾಕಿತ್ತು. ಆದರೆ ಬೆರಳು ತೋರಿಸಿದರೆ, ಅದು ಸರಿದದ್ದು ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು. ಅವನು ತನ್ನ ಹಲ್ಲನ್ನೇ ಬೇರೆಯವರು ಕೀಳುವುದನ್ನು ನೋಡುವವನಂತೆ ನಿಂತಿದ್ದ.

ಜಗಳ ಜೋರಾಯಿತು. ಟ್ಯಾಬು ಸೋಮಾರಿಗಳ ಚಾಳಿ ಎಂದಳು ನಿಮಿಯಾ. ಸ್ಪೇಸು ಜಿಪುಣರ ಲೆಕ್ಕಾಚಾರ ಎಂದ ಪೋರ್ಫಿರಿಯೊ. ಕೊನೆಗೆ, ಯಾರದು ಸರಿ ಎಂದು ಸಾಹೇಬರೇ ಹೇಳಲಿ ಎಂದು ಇಬ್ಬರೂ ಹೊರಗೆ ಹೋದರು.

ಡೆರ್ಲಿಸ್ ಕುರ್ಚಿಗೆ ಹಾರಿದ. ಓರಣ ಮಾಡುವ ಸೌಲಭ್ಯವನ್ನು ಮೊದಲು ಆರಿಸಿದ. ಆ ಸಾಲಿನ ತಲೆಯಲ್ಲಿ ನಿಂತು, ಮಲಗಿದ ಮಗುವಿಗೆ ಹೊದಿಸುವಷ್ಟು ಮೆಲ್ಲಗೆ ಸ್ಪೇಸ್ ಗುಂಡಿ ಒತ್ತುತ್ತ ಅದನ್ನು ಮತ್ತೆ ಬಲಕ್ಕೆ ಕಳಿಸಿದ.

"ಕಾಕುಪೆಗೆ ಹೋಗುವ ಬಸ್ಸು ಮೂರನೇ ಅಂಕಣದಿಂದ ಹೊರಡಲಿದೆ." ಅವನು ಉಸಿರು ಹಿಡಿದು ಕಾದ. ಮೌನ. ಕ್ಷಮೆ ಇಲ್ಲ.

ಅಷ್ಟರಲ್ಲಿ ದೋನ್ ಹೆರಿಬೆರ್ತೊ ಅವನನ್ನು ಕರೆಸಿದರು. ಬೈಗುಳಕ್ಕೆ ಸಿದ್ಧನಾಗಿ ಡೆರ್ಲಿಸ್ ಒಳಗೆ ಹೋದ. ಆದರೆ ಸಾಹೇಬರು ಶಾಂತವಾಗಿದ್ದರು. ಬೆಳಿಗ್ಗೆ ಆದದ್ದೇನು ಎಂದು ಕೇಳಿದರು. ಬಿಸಿಲಿಗೆ ಯಂತ್ರ ಕಾದಿತ್ತು, ಈಗ ತಾನೇ ಸರಿಮಾಡಿದೆ ಎಂದ ಡೆರ್ಲಿಸ್. ಆ ಹಳಬರಿಬ್ಬರೂ ಬರೀ ಜಗಳವಾಡಿ ತಲೆ ತಿಂದು ಹೋದರು, ಕೆಲಸ ಮಾಡಿದವನು ನೀನೊಬ್ಬನೇ ಎಂದು ಸಾಹೇಬರು ಅವನ ನೇಮಕದ ಕಾಗದವನ್ನು ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

ಆಗ ಬಾಗಿಲು ದಢಾರನೆ ತೆರೆಯಿತು. ಒಳಗೆ ಬಂದವರು ಚಾಲಕರ ಸಂಘದ ಕಾರ್ಯದರ್ಶಿ ದೋನ್ ಕ್ರಿಸ್ಪುಲೊ. ಪೊದೆ ಮೀಸೆ, ಬಸ್ಸಿನ ಬಾಗಿಲಿನಷ್ಟೇ ಅಗಲದ ಎದೆ. ಹಿಂದೆ ಕಾರಿಡಾರಿನ ತುಂಬ ಚಾಲಕರು.

ಚಾಲಕರಿಗೆ ವಿಶ್ರಾಂತಿ ಕೋಣೆ ಬೇಕೆಂದು ಸಂಘ ಎಷ್ಟೋ ತಿಂಗಳಿಂದ ಕೇಳುತ್ತಿತ್ತು. ಮುಷ್ಕರ ಮಾಡುವುದೆಂದು ತೀರ್ಮಾನವೂ ಆಗಿತ್ತು. ಯಾವ ದಿನ ಎಂದು ಮಾತ್ರ ಹೇಳಿರಲಿಲ್ಲ. ಸೂಚನೆ ಬರುತ್ತದೆ, ಕಾಯಿರಿ ಎಂದಿದ್ದರು. ಬೆಳಿಗ್ಗೆ ಧ್ವನಿವರ್ಧಕವೇ ಒಂದೊಂದು ಬಸ್ಸಿನ ಹೆಸರು ಹಿಡಿದು, ಇದು ಹೋಗುವುದಿಲ್ಲ ಎಂದಾಗ ಇದೇ ಸೂಚನೆ ಎಂದುಕೊಂಡು ಚಾಲಕರೆಲ್ಲ ಇಂಜಿನ್ ಆರಿಸಿ ಮಾವಿನ ಮರದಡಿ ಕೂತಿದ್ದರು. ಈಗ ಕಾಕುಪೆ ಬಸ್ಸನ್ನು ಕರೆದರೂ ಓಡಿಸಲು ಆಳಿರಲಿಲ್ಲ. ಅದು ಕಿಟಕಿ ಇಲ್ಲದ ಸಾಹೇಬರ ಕೋಣೆಯಲ್ಲಿದ್ದ ಇಬ್ಬರಿಗೂ ಗೊತ್ತಿರಲಿಲ್ಲ. ಇದನ್ನು ಮಾಡಿದ ಪುಣ್ಯಾತ್ಮ ಯಾರು ಎಂದು ದೋನ್ ಕ್ರಿಸ್ಪುಲೊ ಹೊರಗೆ ಕೇಳಿದಾಗ ಪೋರ್ಫಿರಿಯೊ, ನಿಮಿಯಾ ಇಬ್ಬರೂ ಆ ಪ್ರೋಗ್ರಾಮಿನ ವಿಷಯದಲ್ಲಿ ಮೊದಲ ಸಲ ಒಂದೇ ಮಾತಾಡಿ, ಬೆಳಿಗ್ಗೆ ಅದನ್ನು ಮೊದಲು ಮುಟ್ಟಿದವನೆಂದು ಡೆರ್ಲಿಸ್‌ನ ಹೆಸರು ಹೇಳಿದ್ದರು.

"ಮಗಾ" ಎನ್ನುತ್ತ ದೋನ್ ಕ್ರಿಸ್ಪುಲೊ ಅವನನ್ನು ಎದೆಗೆ ಒತ್ತಿಕೊಂಡರು. "ಈ ಕಚೇರೀಲಿ ನಮ್ಮ ಕಷ್ಟ ಅರ್ಥ ಮಾಡ್ಕೊಂಡೋನು ನೀನೊಬ್ನೇ ಕಣಪ್ಪ."

ದೋನ್ ಹೆರಿಬೆರ್ತೊ ಪೆನ್ನಿನ ಮುಚ್ಚಳ ಹಾಕಿದರು. "ಇದನ್ನ ಗೊತ್ತಿದ್ದು ಮಾಡಿದ್ಯೋ, ಗೊತ್ತಿಲ್ದೆ ಮಾಡಿದ್ಯೋ?"

ಗೊತ್ತಿಲ್ಲದೆ ಎಂದರೆ ದಡ್ಡ, ಗೊತ್ತಿದ್ದು ಎಂದರೆ ದ್ರೋಹಿ. ಡೆರ್ಲಿಸ್ ಕ್ರಿಸ್ಪುಲೊ ಅವರ ಕಂಕುಳಿನಿಂದಲೇ ನಿಜ ಹೇಳಿದ.

"ಗೊತ್ತಿಲ್ದೆ ಸಾರ್. ಒಂದು ಸಾಲು ತಾನಾಗೇ ಎಡಕ್ಕೆ ಸರಿದ್ಬಿಡ್ತು."

"ಎಡಕ್ಕೆ ಸರಿದಿರೋದು ಸಾಲಲ್ಲ, ನೀನು" ಎಂದರು ಸಾಹೇಬರು.

ಮಾತುಕತೆ ಸಂಜೆಯವರೆಗೂ ನಡೆಯಿತು. ಡೆರ್ಲಿಸ್ ಹೊರಗಿನ ಬೆಂಚಿನ ಮೇಲೆ ಉಗುರು ಕಚ್ಚುತ್ತ ಕೂತ. ಒಳಗಿನಿಂದ ದೋನ್ ಕ್ರಿಸ್ಪುಲೊ ಅವರ ದನಿ ಏರಿದಾಗಲೆಲ್ಲ ಅವನ ಆಸೆಯೂ ಏರುತ್ತಿತ್ತು. ಇಷ್ಟು ದೊಡ್ಡ ಮನುಷ್ಯ ತನ್ನನ್ನು ಕೈಬಿಡಲಾರ. ಕೊನೆಗೆ ಬಾಗಿಲು ತೆರೆದು, ಅವರು ಮುಖದ ತುಂಬ ನಗುತ್ತ ಬಂದರು. ವಿಶ್ರಾಂತಿ ಕೋಣೆ ಸಿಕ್ಕಿತು, ಮಂಚ ಸಿಕ್ಕಿತು, ದೊಡ್ಡ ಫ್ಯಾನೂ ಸಿಕ್ಕಿತು. ಚಾಲಕರು ಕೇಕೆ ಹಾಕಿ ಬಸ್ಸುಗಳತ್ತ ಓಡಿದರು.

"ನನ್ನ ವಿಷಯ?" ಎಂದ ಡೆರ್ಲಿಸ್.

ದೋನ್ ಕ್ರಿಸ್ಪುಲೊ ಮೀಸೆ ನೀವಿಕೊಂಡು ಅವನ ಪಕ್ಕ ಕೂತರು.

"ಚಾಲಕರಲ್ಲಿ ಯಾರನ್ನೂ ಕೆಲಸದಿಂದ ತೆಗೀಬಾರ್ದು ಅಂತ ಗಟ್ಟಿಯಾಗಿ ಬರೆಸ್ಬಿಟ್ಟೆ ಮಗಾ. ಸಹಿ ಹಾಕಿದ ಮೇಲೆ ಹೊಳೀತು, ನೀನು ಚಾಲಕ ಅಲ್ವಲ್ಲ ಅಂತ." ಅವನ ಭುಜ ತಟ್ಟಿ ಎದ್ದರು. "ಬೇಜಾರು ಮಾಡ್ಕೋಬೇಡ. ಹೊಸ ಫ್ಯಾನಿನ ಕೆಳಗೆ ಯಾವಾಗ ಬೇಕಾದ್ರೂ ಬಂದು ಮಲಕ್ಕೋ. ಇನ್ಮೇಲೆ ನಿನಗೆ ಬಿಡುವೇ ಬಿಡುವು."