ಜಗತ್ತಿನ ಲೆಕ್ಕ, ಪಕ್ಕದ ಮನೆಯ ಪಾತ್ರೆ

ಮುಂದಿನ ವರ್ಷ ಜಗತ್ತಿನ ಆರ್ಥಿಕತೆ ಎಷ್ಟು ಬೆಳೆಯುತ್ತದೆ ಎಂದು ಹೇಳುವುದು ಜನ ತಿಳಿದಷ್ಟು ಕಷ್ಟವಲ್ಲ. ಹೋದ ವರ್ಷದ ಅಂಕಿಗೆ ಚೂರು ಕೂಡಿಸಿ ಅಥವಾ ಚೂರು ಕಳೆದು, ಕೊನೆಯಲ್ಲಿ ‘ತೈಲದ ಬೆಲೆ ಏರದಿದ್ದರೆ’ ಎಂದು ಸೇರಿಸಿಬಿಟ್ಟರೆ ಆಯಿತು. ಹೇಳಿದ್ದು ತಪ್ಪಿದರೆ ತೈಲದ ಮೇಲೆ ಹಾಕಬಹುದು. ಅರ್ಥಶಾಸ್ತ್ರದ ಮೇಷ್ಟ್ರಾಗಿ ನಾನು ಬಹುಕಾಲ ಇದನ್ನೇ ಮಾಡಿಕೊಂಡು ಬಂದವನು. ಎಂಬತ್ತರ ದಶಕದ ನಡುವೆ, ಜ್ಞಾನಭಾರತಿಯ ವಿಚಾರಗೋಷ್ಠಿಯೊಂದಕ್ಕೆ ಪ್ರಬಂಧ ಬರೆಯುತ್ತಿದ್ದಾಗ ಮಾತ್ರ, ನನ್ನ ಶಾಸ್ತ್ರವನ್ನು ಮನೆಯಲ್ಲೇ ಪ್ರಯೋಗಿಸುವ ದುರ್ಬುದ್ಧಿ ಬಂತು.

ವಿಜಯನಗರದಲ್ಲಿ ನಮ್ಮ ಪಕ್ಕದ ಮನೆ ಶಾರದಮ್ಮನವರದು. ಹುಳಿ ಮಾಡಿದರೆ ಒಂದು ಪಾತ್ರೆ, ಗೊಜ್ಜು ಮಾಡಿದರೆ ಒಂದು ಬಟ್ಟಲು ನಮಗೆ ಬರಲೇಬೇಕು. ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು, ಏನಾದರೂ ಹಾಕಿಯೇ ಕೊಡಬೇಕು. ಸ್ಕೂಲಿಗೆ ಪಾಠ ಹೇಳಲು ಹೋಗುವ ನನ್ನ ಹೆಂಡತಿ ಲಲಿತಳಿಗೆ ಅಷ್ಟು ಬಿಡುವೆಲ್ಲಿ? ಹೀಗಾಗಿ ಅವರ ಪಾತ್ರೆಗಳು ನಮ್ಮ ಅಡುಗೆಮನೆಯಲ್ಲಿ ಬೀಡುಬಿಟ್ಟಿದ್ದವು. ನನ್ನ ಪ್ರಬಂಧದಲ್ಲೂ ಅದೇ ಕಥೆ. ಜಪಾನಿನವರು ಮಾರುತ್ತಲೇ ಇದ್ದಾರೆ, ಅಮೆರಿಕದವರು ಕೊಳ್ಳುತ್ತಲೇ ಇದ್ದಾರೆ, ಈ ಅಸಮತೋಲನ ಬಹಳ ದಿನ ನಡೆಯದು ಎಂದು ಬರೆದಿದ್ದೆ. ಈ ಬೀದಿಯಲ್ಲಿ ನಾವೇ ಅಮೆರಿಕ ಎಂದು ಹೊಳೆದಾಗ ನಾಚಿಕೆಯಾಯಿತು.

ಒಂದು ಭಾನುವಾರ ಲಲಿತ ಹೊಸಹಳ್ಳಿಯ ತಂಗಿಯ ಮನೆಗೆ ಹೋಗಿದ್ದಾಗ, ಪಾತ್ರೆಗಳನ್ನೆಲ್ಲ ಫಳಫಳ ತೊಳೆದು ಬುಟ್ಟಿಯಲ್ಲಿಟ್ಟು ಕೊಟ್ಟುಬಂದೆ. “ತಗೊಳ್ಳಿ ಶಾರದಮ್ಮನೋರೇ, ನಿಮ್ಮದಿನ್ನು ಏನೂ ಬಾಕಿ ಇಲ್ಲ” ಎಂದೆ, ಹೆಮ್ಮೆಯಿಂದಲೇ. ಅವರು ಬುಟ್ಟಿಯೊಳಗೆ ನೋಡಿದರು, ನನ್ನನ್ನು ನೋಡಿದರು. “ಆಯ್ತು ಬಿಡಿ ಮೇಷ್ಟ್ರೇ” ಎಂದಷ್ಟೇ ಹೇಳಿ ಒಳಗೆ ಹೋದರು.

ಆ ವಾರ ಪಕ್ಕದ ಮನೆಯಿಂದ ಒಗ್ಗರಣೆಯ ವಾಸನೆ ಬಂತೇ ಹೊರತು ಹುಳಿ ಬರಲಿಲ್ಲ. ನಲ್ಲಿಯ ಹತ್ತಿರ ಶಾರದಮ್ಮ ಲಲಿತಳನ್ನು ಮಾತನಾಡಿಸಲೂ ಇಲ್ಲ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅವಳಿಗೆ ಸಿಕ್ಕ ಒಬ್ಬರೇ ಗೆಳತಿ ಅವರು. ನಾನು ಮಾಡಿದ್ದು ತಿಳಿದಾಗ ಲಲಿತಳ ಕಣ್ಣು ತುಂಬಿತು, ನನಗೆ ನಿಜಕ್ಕೂ ಸಂಕಟವಾಯಿತು. “ಖಾಲಿ ಪಾತ್ರೆ ಅಷ್ಟೂ ಒಟ್ಟಿಗೆ ಕೊಟ್ರೆ ಏನರ್ಥ ರೀ? ನಿಮ್ಮ ಸಹವಾಸ ಸಾಕು ಅಂತ ತಾನೇ?” ಎಂದಳು. “ಬಾಕಿ ತೀರಿಸಿದೆ ಕಣೇ” ಎಂದೆ. “ತೀರಿಸೋಕೆ ಅವ್ರೇನು ಬ್ಯಾಂಕಾ? ಈಗ್ಲೇ ಹೋಗಿ ಕಾಫಿಪುಡಿ ಕೇಳ್ಕೊಂಡು ಬನ್ನಿ.” ಡಬ್ಬಿ ತುಂಬ ಇದೆಯಲ್ಲ ಎಂದರೆ, “ಇರ್ಲಿ, ಹೋಗಿ. ಬರೀಕೈಲಿ ಹೋಗಿ” ಎಂದಳು.

ಹೋಗಿ ಬಾಗಿಲಲ್ಲಿ ನಿಂತೆ. “ಹೋದ ವಾರ ತಾನೇ ನಾನೂ ಲಲಿತಾನೂ ಹೋಗಿ ಪುಡಿ ಮಾಡಿಸ್ಕೊಂಡು ಬಂದ್ವಲ್ಲ ಮೇಷ್ಟ್ರೇ?” ಎಂದರು ಶಾರದಮ್ಮ. “ಮುಗಿದುಹೋಯ್ತು” ಎಂದೆ. ಅವರು ಸೆರಗು ಬಾಯಿಗಿಟ್ಟು ನಕ್ಕರು. ತಮ್ಮ ಸ್ಟೀಲ್ ಲೋಟಕ್ಕೆ ಪುಡಿಯನ್ನು ಒತ್ತಿ ಒತ್ತಿ ತುಂಬಿ, ಜೊತೆಗೊಂದು ಬಟ್ಟಲು ಗೊಜ್ಜನ್ನೂ ಕೈಗಿತ್ತರು.

ಮರುದಿನ ಗೋಷ್ಠಿಯಲ್ಲಿ, ಇಂಥ ಅಸಮತೋಲನ ಬೇಗ ಸರಿಹೋಗದಿದ್ದರೆ ಜಗತ್ತಿಗೆ ಉಳಿಗಾಲವಿಲ್ಲ ಎಂದು ಗಟ್ಟಿಯಾಗಿ ಓದಿ ಚಪ್ಪಾಳೆ ಗಿಟ್ಟಿಸಿದೆ. ಆ ಲೋಟವನ್ನು ಮಾತ್ರ ನಾವು ಇವತ್ತಿಗೂ ಹಿಂದಿರುಗಿಸಿಲ್ಲ.