ನಡುವಿಂದು ಓದ್ರಿ

ನನ್ನ ಕಾಕು ಇಂದಿನವರೆಗೆ ಒಬ್ಬನೇ ಒಬ್ಬ ದೊಡ್ಡ ಸಾಹಿತಿಯನ್ನೂ ಕಣ್ಣೆತ್ತಿ ನೋಡಿದವಳಲ್ಲ. ಆದರೂ ಬೆಳಗಾವಿಯ ಹೊಸ ಲೇಖಕರು ವಿಮರ್ಶಕರಿಗಿಂತ ಹೆಚ್ಚಾಗಿ ಅವಳಿಗೇ ಹೆದರುತ್ತಾರೆ ಎಂದರೆ ನೀವು ನಂಬುತ್ತೀರಾ? ಮೊದಮೊದಲು ನಾನೂ ನಂಬಿರಲಿಲ್ಲ. ಕಾಕು ಅಂದರೆ ನನ್ನ ತಂದೆಯ ತಮ್ಮನ ಹೆಂಡತಿ. ಇರುವುದು ಖಾನಾಪುರದಲ್ಲಿ. ಬೆಳಗಾವಿಯಲ್ಲಿ ಪುಸ್ತಕ ಬಿಡುಗಡೆಯೋ ಪುಸ್ತಕ ಮೇಳವೋ ಇದೆಯೆಂದರೆ ಸಾಕು, ಬೆಳಗಿನ ಬಸ್ಸಿಗೆ ಬಂದಿಳಿಯುತ್ತಾಳೆ.

ಬೇರೆಯವರ ಕಾಕುಗಳು ಬೆಳಗಾವಿಗೆ ಬಂದರೆ ಗುಡಿಗೆ ಹೋಗುತ್ತಾರೆ, ಸೀರೆ ನೋಡುತ್ತಾರೆ, ಮರಳುವಾಗ ಕುಂದಾ ಕಟ್ಟಿಸಿಕೊಳ್ಳುತ್ತಾರೆ. ಇವಳು ಬಸ್‌ಸ್ಟ್ಯಾಂಡಿನಿಂದ ನೇರವಾಗಿ ನನ್ನ ಸ್ಕೂಟರಿನ ಹಿಂದೆ ಕುಳಿತು, "ನಡೀ, ಇವತ್ತ ಯಾರರೆ ಹೊಸಬರು ಸಿಗ್ತಾರೇನು ನೋಡೂಣು" ಅನ್ನುತ್ತಾಳೆ. ಕೈಯಲ್ಲೊಂದು ಬಟ್ಟೆಯ ಚೀಲ. ಅದರೊಳಗೆ ಒಂದು ಮರಾಠಿ ಪತ್ರಿಕೆ, ಒಂದು ಕೊಡೆ, ಒಂದು ಸ್ಟೀಲಿನ ಡಬ್ಬಿ ತುಂಬ ಹಚ್ಚಿದ ಅವಲಕ್ಕಿ. ಈ ಡಬ್ಬಿಯ ಮಹಿಮೆಯನ್ನು ಆಮೇಲೆ ಹೇಳುತ್ತೇನೆ.

ಮೇಳದಲ್ಲಿ ಜನ ಮುತ್ತಿಕೊಂಡ ಮಳಿಗೆಯನ್ನು ಅವಳು ದಾಟಿಯೇ ಹೋಗುತ್ತಾಳೆ. ಒಮ್ಮೆ ನಾನು, "ಕಾಕು, ಅಲ್ಲೆ ನೋಡು, ಭಾಳ ದೊಡ್ಡವ್ರು ಬಂದಾರ, ಸಹಿ ಮಾಡಿ ಕೊಡಾಕತ್ತಾರ" ಎಂದು ಎಳೆದೆ.

"ಅವರಿಗೆ ಮಂದಿ ಬೇಕಾದಷ್ಟು ಅದಾರಲ್ಲ. ನಾ ಹೋಗಿ ಏನ್ ಮಾಡ್ಲಿ?" ಎಂದವಳೇ ಮೂಲೆಯ ಮಳಿಗೆಯತ್ತ ಬೊಟ್ಟು ಮಾಡಿದಳು. "ಅಲ್ಲೊಬ್ಬಾಂವ ನಿಂತಾನ ನೋಡು. ಸರಿ ಇದ್ದ ಪುಸ್ತಕಾನ ಮತ್ತ ಮತ್ತ ಸರಿ ಮಾಡಾಕತ್ತಾನ. ಅಂಗಡಿಯಾಂವ ಹಂಗ ಮಾಡೂದಿಲ್ಲ. ಅಂವಾ ಬರದಾಂವ."

ಹೋಗಿ ವಿಚಾರಿಸಿದರೆ ಹೌದು! ಅವನೇ ಬರೆದವನು, ಅದೇ ಅವನ ಮೊದಲ ಪುಸ್ತಕ, ಬೆಳಗಿನಿಂದ ಅವನನ್ನು ಮಾತಾಡಿಸಿದ ಮೊದಲ ವ್ಯಕ್ತಿ ನನ್ನ ಕಾಕು. ಆತ ಪಾಪ ಖುಷಿಯಿಂದ ಕುರ್ಚಿ ಕೊಟ್ಟ. ಕಾಕು ಕುಳಿತು, ಚೀಲವನ್ನು ಮಡಿಲಲ್ಲಿಟ್ಟುಕೊಂಡು, "ಒಂದ್ ಪುಟಾ ಓದ್ರಿ" ಎಂದಳು. ಆತ ಮೊದಲ ಪುಟ ತೆರೆದ.

"ಮೊದಲನೇದು ಬ್ಯಾಡ್ರಿ. ಅದನ್ನ ಎಲ್ಲಾರೂ ಛಂದ ಮಾಡಿ ಬರೀತಾರ. ನಡುವಿಂದು ಓದ್ರಿ."

ಇದು ಅವಳ ತವರಿನ ಪಾಠ. ವಡಗಾವಿಯ ನೇಕಾರರ ಮನೆಯಲ್ಲಿ ಹುಟ್ಟಿದವಳು. ಅವಳ ಅಪ್ಪ ಬೇರೆಯವರ ಮಗ್ಗದ ಸೀರೆ ನೋಡುವಾಗ ಸೆರಗನ್ನು ಮುಟ್ಟುತ್ತಲೇ ಇರಲಿಲ್ಲವಂತೆ. ನಡುವೆ ಬಿಚ್ಚಿ, ಅಂಗೈ ಮೇಲೆ ಹರವಿ ನೋಡುತ್ತಿದ್ದನಂತೆ. ಮಗಳು ಪುಸ್ತಕಕ್ಕೂ ಅದೇ ನ್ಯಾಯ ಹಚ್ಚಿದ್ದಾಳೆ. ಲೇಖಕ ಓದುವಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡು ಕುಳಿತಿರುತ್ತಾಳೆ. ಮುಗಿದ ಮೇಲೆ ತೀರ್ಪು. ಹಿಡಿಸದಿದ್ದರೆ, "ಗಂಟಲಾ ಒಣಗಿರಬೇಕು, ನೀರ ಕುಡೀರಿ" ಅನ್ನುತ್ತಾಳೆ. ಹಿಡಿಸಿದರೆ ಬಾಯಲ್ಲಿ ಒಂದು ಮಾತೂ ಇಲ್ಲ. ಡಬ್ಬಿಯ ಮುಚ್ಚಳ ತೆರೆದು ಒಂದು ಮುಷ್ಟಿ ಅವಲಕ್ಕಿಯನ್ನು ಲೇಖಕನ ಕೈಗೆ ಹಾಕುತ್ತಾಳೆ. ಪುಸ್ತಕವನ್ನು ಮಾತ್ರ ಎರಡೂ ಪಂಗಡದವರಿಂದ ಕೊಂಡು, ಸಹಿ ಹಾಕಿಸಿಕೊಂಡೇ ಏಳುತ್ತಾಳೆ.

ಬರಬರುತ್ತ ಈ ಸುದ್ದಿ ಊರಲ್ಲಿ ಹಬ್ಬಿತು. ಪುಸ್ತಕ ಹೇಗೆ ಮಾರಾಟವಾಯಿತು ಎಂದು ಹೊಸ ಲೇಖಕರು ಪರಸ್ಪರ ಕೇಳುವುದನ್ನೇ ಬಿಟ್ಟರು. "ಅವಲಕ್ಕಿ ಸಿಕ್ತೇನು?" ಎಂದು ಕೇಳತೊಡಗಿದರು. ಊರಿನ ಕ್ಯಾಂಪ್ ಪ್ರದೇಶದ ಹಳೆಯ ಸಭಾಗೃಹವೊಂದರಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರ ಮೊದಲ ಕವನ ಸಂಕಲನ ಬಿಡುಗಡೆಯಾದಾಗ ಅವರು ತಾವಾಗಿಯೇ ಕಾಕುವನ್ನು ಹುಡುಕಿಕೊಂಡು ಬಂದರು. ಕೋಟಿನ ಗುಂಡಿ ಹಾಕಿಕೊಂಡು, ಕೈಯೆತ್ತಿ, ದನಿ ಏರಿಸಿ ಇಳಿಸಿ, ಎರಡು ಪುಟ ಓದಿದರು. ಕಾಕು ಕಣ್ಣು ತೆರೆದಳು.

"ಭಾಳ ಛಂದ ಓದಿದ್ರಿ ಸರ್. ಬರದವ್ರು ಯಾರ್ರಿ?"

"ನಾನೇ ತಾಯೀ."

"ಹೌದ್ರಿ? ಹಂಗಾರ ನೀರ ಕುಡೀರಿ."

ನಾನು ಸ್ಕೂಟರು ತರುವ ನೆಪ ಮಾಡಿ ಹೊರಗೆ ಓಡಿದೆ.

ಇಷ್ಟೇ ಆಗಿದ್ದರೆ ಇವಳೊಬ್ಬ ತರ್ಲೆ ಹೆಂಗಸು ಎಂದು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಊರಿನ ರವಿವಾರ ಪೇಟೆಯವನೊಬ್ಬ ಓದಿದ ದಿನ ನಾನು ಬೆರಗಾಗಿ ಹೋದೆ. ಅವನು ಅಲ್ಲಿಯ ಸಗಟು ಮೆಣಸಿನಕಾಯಿ ಅಂಗಡಿಯಲ್ಲಿ ಗುಮಾಸ್ತ, ತಲೆ ನರೆತ ಮೇಲೆ ಕಥೆ ಬರೆಯಲು ಕುಳಿತವನು. ಅವನ ಪುಸ್ತಕ ಬಿಡುಗಡೆಗೆ ಬಂದಿದ್ದವರು ಏಳು ಮಂದಿ. ಅದರಲ್ಲಿ ನಾಲ್ವರು ಅದೇ ಅಂಗಡಿಯ ಹಮಾಲರು. ಅವನೂ ಸೇರಿ ಐವರ ಅಂಗಿಯಿಂದಲೂ ಎದ್ದ ಮೆಣಸಿನ ಘಾಟಿಗೆ ಮುಖ್ಯ ಅತಿಥಿಗಳು ಭಾಷಣದ ಉದ್ದಕ್ಕೂ ಸೀನಿದರು. ಕೊನೆಗೆ ಕಾಕು ಅವನನ್ನು ಕೂರಿಸಿಕೊಂಡು ನಡುವಿನ ಪುಟ ಓದಿಸಿದಳು. ಅರ್ಧಕ್ಕೆ ಬರುವಾಗ ತಟ್ಟನೆ ಕಣ್ಣು ತೆರೆದಳು.

"ಆ ಸಾಲು ಮತ್ತೊಮ್ಮಿ ಓದ್ರಿ."

ಅವನು ಓದಿದ.

"ಇದು ನಿಮ್ಮದಲ್ಲ."

ಅವನ ಮುಖ ಬಿಳಿಚಿಕೊಂಡಿತು. "ಖರೇ ಐತ್ರಿ ಅವ್ವಾರ. ಕರಡು ತಿದ್ದಿದ ಮಾಸ್ತರು ಸೇರಿಸಿದ್ರು. ಇದ್ರ ಛಂದ ಕಾಣತೈತಿ ಅಂದ್ರು."

"ಛಂದ ಐತಿ. ಆದ್ರ ಎಳಿ ಬ್ಯಾರೆ ಐತಿ" ಎಂದ ಕಾಕು, ಇಡೀ ಡಬ್ಬಿಯನ್ನೇ ಅವನ ಕೈಗಿಟ್ಟಳು.  ಅಷ್ಟು ದಪ್ಪ ಪುಸ್ತಕದಲ್ಲಿ ಒಂದೇ ಒಂದು ಸಾಲು ಬೇರೆಯವರದು, ಅದನ್ನು ಕಣ್ಣು ಮುಚ್ಚಿಕೊಂಡು ಹಿಡಿದಳಲ್ಲ! ಎರಡು ವರ್ಷದ ಮೇಲೆ ಬೆಂಗಳೂರಿನ ಪ್ರಕಾಶಕರು ಆ ಪುಸ್ತಕವನ್ನು ಮರುಮುದ್ರಿಸಿದರು. ಆ ಸಾಲನ್ನು ಅವನೇ ಮುತುವರ್ಜಿಯಿಂದ ತೆಗೆಸಿದ್ದ.

ಕನ್ನಡದಲ್ಲಿ ಇವಳಂಥ ಓದುಗಾರ್ತಿ ಇನ್ನೊಬ್ಬಳಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟೆ. ಆಮೇಲೊಂದು ಭಾನುವಾರ ಖಾನಾಪುರಕ್ಕೆ ಹೋದವನು, "ಕಾಕು, ಆ ಮೆಣಸಿನಕಾಯಿ ಅಂಗಡಿಯವನ ಪುಸ್ತಕಾ ಒಂದೀಟು ಕೊಡು, ಓದಿ ಕೊಡ್ತೀನಿ" ಎಂದೆ. ಅವಳ ನಡುಮನೆಯಲ್ಲಿ ಗೋಡೆಯುದ್ದ ಪುಸ್ತಕ. ಎದ್ದು ಹೋಗಿ ಕೆಂಪು ರಟ್ಟಿನದೊಂದನ್ನು ಕೈಯಾಡಿಸಿ ತೆಗೆದು ತಂದುಕೊಟ್ಟಳು. ನೋಡಿದರೆ ಮನೆಯಂಗಳದಲ್ಲಿ ಕೋಳಿ ಸಾಕುವ ವಿಧಾನ. (ಅದನ್ನು ಬರೆದ ಪಶುವೈದ್ಯರಿಗೂ ಅವಲಕ್ಕಿ ಸಿಕ್ಕಿತ್ತು, ಆ ಮಾತು ಬೇರೆ.)

"ಕಾಕು, ಇದು ಕೋಳಿ ಪುಸ್ತಕ."

ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಕೆಂಪು ರಟ್ಟು ಅಂತ ತಗೊಂಡೆ" ಎಂದಳು. ಆಮೇಲೆ ಬಾಗಿಲು ಮುಂದೆ ಮಾಡಿ ಬಂದು ನನ್ನ ಎದುರಿಗೆ ಕುಳಿತಳು. "ನನಗ ಕನ್ನಡ ಅಕ್ಷರಾ ಬರೂದಿಲ್ಲೋ."

ನಾನು ನಗುತ್ತ ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ.

ಮನೆಯ ಮಾತು ಕನ್ನಡ, ಓಣಿಯ ತುದಿಗಿದ್ದ ಶಾಲೆ ಮರಾಠಿ. ಆ ಕಾಲದಲ್ಲಿ ಹೆಣ್ಣು ಹುಡುಗಿಯನ್ನು ಅದಕ್ಕಿಂತ ದೂರ ಕಳಿಸುವವರು ಯಾರು? ಏಳನೆಯ ಇಯತ್ತೆಯವರೆಗೆ ಮರಾಠಿ ಕಲಿತಳು. ಮದುವೆಯಾಗಿ ಖಾನಾಪುರಕ್ಕೆ ಬಂದರೆ ಅಕ್ಕಪಕ್ಕದವರೂ ಮರಾಠಿ. ಮರಾಠಿ ಪತ್ರಿಕೆಯನ್ನು ಜಾಹೀರಾತು ಸಹ ಬಿಡದೆ ಓದುತ್ತಾಳೆ. ಕನ್ನಡ ಪುಸ್ತಕಗಳನ್ನು ಕಾಕಾ ಓದುತ್ತಿದ್ದ, ಇವಳು ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. ಹಾಗೆ ಮೂವತ್ತು ವರ್ಷ ಕೇಳಿ ಕೇಳಿ ಹದಗೊಂಡ ಕಿವಿ ಅದು. ಕಾಕಾ ತೀರಿಕೊಂಡ ಮೇಲೆ ಮನೆಯಲ್ಲಿ ಓದುವ ದನಿ ನಿಂತುಹೋಯಿತು. ಆಗ ಅವಳಿಗೆ ಹೊಳೆದ ಉಪಾಯವೇ ಇದು, ಬರೆದವರ ಬಾಯಿಂದಲೇ ಕೇಳುವುದು.

"ಹಂಗಾರ ಇಷ್ಟೂ ಪುಸ್ತಕದಾಗ ನೀ ಕೇಳಿದ್ದು ಒಂದೊಂದ ಪುಟಾ?"

"ಒಂದೊಂದ. ಉಳದದ್ದು ಏನಿರಬೇಕಂತ ಕುಂತ ಕುಂತ ಮನಸಿನ್ಯಾಗ ಕಟ್ಟಕೋತೀನಿ" ಎಂದಳು. ನನ್ನ ಕೈ ಹಿಡಿದುಕೊಂಡು, "ಯಾರ ಮುಂದೂ ಆಡಬ್ಯಾಡ ನೋಡು. ಇಕಿಗೇ ಓದಾಕ ಬರೂದಿಲ್ಲ ಅಂತ ಗೊತ್ತಾದ್ರ, ನಾಳೆ ನನ್ನ ಮುಂದ ಯಾರು ಕುಂತ ಓದ್ತಾರು? ಆ ಒಂದ್ ಪುಟಾನೂ ಹೋಗತೈತಿ" ಎಂದಳು.

ಆಣೆ ಮಾಡಿ ಬಂದೆ. ದಿನಕ್ಕೆ ಮೂರು ಪತ್ರಿಕೆ ಓದುವ ನನಗೆ ಯಾವ ಸಾಲು ಯಾರದೆಂದು ತಿಳಿಯುವುದಿಲ್ಲ, ಕನ್ನಡದ ಅಕ್ಷರ ಬಾರದವಳಿಗೆ ತಿಳಿಯುತ್ತದೆ! ಬಸ್ಸಿನಲ್ಲಿ ಇದನ್ನೇ ನೆನೆದು ನೆನೆದು ನನ್ನ ಸ್ಟಾಪು ದಾಟಿ ಹೋಯಿತು.

ಗುಟ್ಟು ಒಂದು ವರ್ಷ ಭದ್ರವಾಗಿತ್ತು. ಆಮೇಲೆ ರವಿವಾರ ಪೇಟೆಯವನು ತನ್ನ ಎರಡನೆಯ ಪುಸ್ತಕ ಹಿಡಿದುಕೊಂಡು, ಶಾಲು ತೆಂಗಿನಕಾಯಿ ಸಮೇತ, ಕಾಕುವಿನ ಮನೆಗೇ ಹೋದ. ಬಿಡುಗಡೆಯನ್ನು ಅವಳೇ ಮಾಡಬೇಕಂತೆ. ಬಿಡುಗಡೆ ಮಾಡಿದವರು ರಿಬ್ಬನ್ನು ಬಿಚ್ಚಿ ಮೊದಲ ಪುಟ ಓದುವುದು ಅವನ ಗೆಳೆಯರ ಬಳಗದ ಪದ್ಧತಿ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಕಾಕು ಒಪ್ಪಿಕೊಂಡೂ ಆಗಿತ್ತು.

"ಅಷ್ಟು ಪ್ರೀತಿಲೆ ಕರದಾನ, ಒಲ್ಲೆ ಅಂತ ಹೆಂಗ ಅನ್ಲಿ?" ಎಂದಳು.

ನಾನೊಂದು ಹೂಟ ಹೂಡಿದೆ. ಅವನಿಂದ ಒಂದು ಪ್ರತಿ ಇಸಿದುಕೊಂಡು, ಮೊದಲ ಪುಟವನ್ನು ನನ್ನ ದನಿಯಲ್ಲಿ ಮೊಬೈಲಿಗೆ ಓದಿ ಕಾಕುವಿಗೆ ಕಳಿಸಿದೆ. ಒಂದೇ ಮಧ್ಯಾಹ್ನದಲ್ಲಿ ಬಾಯಿಪಾಠ ಮಾಡಿ ಫೋನಿನಲ್ಲಿ ಒಪ್ಪಿಸಿದಳು. ಒಂದಕ್ಷರ ತಪ್ಪಲಿಲ್ಲ. ಮೂರನೆಯ ವಾಕ್ಯದಲ್ಲಿ ನಾನು ಕೆಮ್ಮಿದ್ದೆ, ಅಲ್ಲಿ ಅವಳೂ ಕೆಮ್ಮಿದಳು.

ಆ ದಿನ ಸಭಾಗೃಹದಲ್ಲಿ ಕೂರಲು ಜಾಗವಿರಲಿಲ್ಲ. ಅವಲಕ್ಕಿ ತಿಂದವರು, ನೀರು ಕುಡಿದವರು, ಎಲ್ಲರೂ ಬಂದಿದ್ದರು. ಕಾಕು ರಿಬ್ಬನ್ನು ಬಿಚ್ಚಿದಳು, ಚಪ್ಪಾಳೆಯಾಯಿತು. ಮೊದಲ ಪುಟ ತೆರೆದು ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ರವಿವಾರ ಪೇಟೆಯವನು ಮೈಕಿನ ಮುಂದೆ ಬಂದ.

"ಅವ್ವಾರು ನಮ್ಮನ್ನೆಲ್ಲಾ ನಡುವಿಂದು ಓದಸಿದವ್ರು. ಇವತ್ತ ಅವರ ಕೈಯಾಗ ಮೊದಲನೇ ಪುಟಾ ಕೊಟ್ರ ಶೋಭಾ ಅಲ್ಲ" ಎಂದವನೇ, ಭಕ್ತಿಯಿಂದ ಪುಸ್ತಕದ ನಡುವಿನ ಪುಟ ತೆರೆದು ಅವಳ ಮುಂದೆ ಹಿಡಿದ.

ನಾನು ಗಡಬಡಿಸಿ ಮೂರನೆಯ ಸಾಲಿನಿಂದ ಎದ್ದು, "ಕಾಕು ಚಸ್ಮಾ ಮರತ ಬಂದಾಳ್ರಿ!" ಎಂದು ಕೂಗಿದೆ. ಕೂಗಿದ್ದೇ ತಪ್ಪಾಯಿತು. ಮುಂದಿನ ಸಾಲಿನ ಹತ್ತು ಜನ ತಮ್ಮ ತಮ್ಮ ಚಸ್ಮಾ ತೆಗೆದು ವೇದಿಕೆಗೆ ಚಾಚಿದರು. ಕೋಟಿನ ಪ್ರಾಧ್ಯಾಪಕರಂತೂ ತಮ್ಮದನ್ನು ಕರವಸ್ತ್ರದಿಂದ ಒರೆಸಿ ಕೊಟ್ಟು, ಹಿಂದಿರುಗಿ ಹೋಗಿ ಬೇರೆ ಯಾರದೋ ಮಡಿಲಲ್ಲಿ ಕುಳಿತರು. ಕಾಕು ಒಂದು ಹಾಕಿ ತೆಗೆದಳು, ಇನ್ನೊಂದು ಹಾಕಿ ತೆಗೆದಳು. ಆಮೇಲೆ ಅಷ್ಟೂ ಚಸ್ಮಾಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಜೋಡಿಸಿಟ್ಟು, ಮೈಕಿನ ಹತ್ತಿರ ಬಂದಳು.

"ಚಸ್ಮಾದ ಮಾತಲ್ಲರಿ ಇದು. ನನಗ ಕನ್ನಡ ಓದಾಕ ಬರೂದಿಲ್ಲ. ಮರಾಠಿ ಸಾಲಿ ಕಲ್ತಾಕಿ ನಾ. ನಿಮ್ಮನ್ನೆಲ್ಲಾ ಓದಸಿದ್ದು ಪರೀಕ್ಷಾ ಮಾಡಾಕ ಅಲ್ಲ. ಕೇಳಾಕ ನನಗ ಬ್ಯಾರೆ ದಾರಿ ಇರಲಿಲ್ಲ. ತಪ್ಪಾತು."

 ರವಿವಾರ ಪೇಟೆಯವನು ತೆರೆದ ಪುಸ್ತಕ ಹಿಡಿದುಕೊಂಡು ಹಾಗೆಯೇ ನಿಂತಿದ್ದ. ಕಾಕು ಎಲ್ಲರಿಗೂ ಕೈಮುಗಿದು ಕೆಳಗಿಳಿದು ಬಂದಳು. ಸ್ಕೂಟರಿನಲ್ಲಿ ಅವಳನ್ನು ಬಸ್‌ಸ್ಟ್ಯಾಂಡಿಗೆ ಕರೆದೊಯ್ದೆ. ಬಸ್ಸು ಹತ್ತುವಾಗ, "ಇನ್ನ ಮುಂದ ನನ್ನ ಕರಿಯಾಕ ಬರಬ್ಯಾಡ. ಯಾವ ಮಾರಿ ಹೊತ್ತ ಹೋಗಿ, ಓದ್ರಿ ಅನ್ಲಿ?" ಎಂದಳು.

ಮುಂದಿನ ತಿಂಗಳು ಎರಡು ಕಾರ್ಯಕ್ರಮಗಳಾದವು, ಅವಳು ಬರಲಿಲ್ಲ. ಫೋನು ಮಾಡಿದರೆ ಮೊಣಕಾಲು ನೋವು ಎಂದಳು. ತಡೆಯಲಾರದೆ ಒಂದು ಭಾನುವಾರ ಖಾನಾಪುರಕ್ಕೆ ಹೋದೆ. ಬಾಗಿಲು ತೆರೆದಿತ್ತು, ಹೊರಗೆ ಒಂದು ಜೊತೆ ಗಂಡಸರ ಚಪ್ಪಲಿ ಇತ್ತು. ಒಳಗಿನಿಂದ ಒಬ್ಬ ಗಂಡಸು ಓದುವ ದನಿ ಕೇಳುತ್ತಿತ್ತು. ಇಣುಕಿದೆ. ಕಾಕು ಗೋಡೆಗೆ ಒರಗಿ, ಮೊರದಲ್ಲಿ ಅಕ್ಕಿ ಹಾಗೆಯೇ ಬಿಟ್ಟು, ಕಣ್ಣು ಮುಚ್ಚಿ ಕುಳಿತಿದ್ದಳು. ಎದುರಿಗೆ ರವಿವಾರ ಪೇಟೆಯವನು. ನನ್ನನ್ನು ಕಂಡು ತಪ್ಪು ಮಾಡಿದವನಂತೆ ಎದ್ದು ನಿಂತ.

"ನನ್ನ ಮೊದಲನೇ ಪುಸ್ತಕದಾಗ ಅವ್ವಾರು ಬರೇ ಒಂದ ಪುಟಾ ಕೇಳಿದ್ರಲ್ಲರಿ" ಎಂದ. "ಪೂರ್ತಿ ಓದಿ ಹೇಳೂಣು ಅಂತ ಬಂದೆ. ಇವತ್ತಿಗೆ ಮೂರನೇ ಐತವಾರ. ಮುಂದಿನ ವಾರ ನಮ್ಮ ಪ್ರಾಧ್ಯಾಪಕರು ಬರ್ತೀನಿ ಅಂದಾರ."

ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ವರ್ಷಗಟ್ಟಲೆ ಇವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಊರೆಲ್ಲ ತಿರುಗಿದೆ, ಬೆರಗಾದೆ, ಗುಟ್ಟು ಕಾಯ್ದೆ, ಮೊಬೈಲಿನಲ್ಲಿ ಕೆಮ್ಮಿದೆ. ಈ ಮನೆಯಲ್ಲಿ ಕುಳಿತು ಇವಳಿಗೊಂದು ಪುಸ್ತಕ ಓದಿ ಹೇಳಬೇಕೆಂದು ನನಗೆ ಒಮ್ಮೆಯಾದರೂ ಹೊಳೆದಿತ್ತೇ? ಕನ್ನಡ ಬರುತ್ತಿತ್ತು, ಸ್ವಂತ ಮನೆಯ ಮಗನಾಗಿದ್ದೆ, ರಜೆಯೂ ಇರುತ್ತಿತ್ತು.

"ಯಾಕ ಅಲ್ಲೇ ನಿಂತಿ? ಒಳಗ ಬಾ" ಎಂದಳು ಕಾಕು. "ಅವರು ಹೊತ್ತ ಹೊಂಟಾಗಿಂದ ಓದಾಕತ್ತಾರ, ದಣದಾರ. ಮುಂದಿಂದು ನೀ ಓದು."

ಪುಸ್ತಕ ಇಸಿದುಕೊಂಡು ಕುಳಿತೆ. ಎರಡನೆಯ ಸಾಲಿಗೇ ಅಕ್ಷರಗಳು ಮಂಜಾದವು, ತಡವರಿಸಿದೆ. ಕಾಕು ಕಣ್ಣು ತೆರೆಯಲಿಲ್ಲ.

"ಸಾವಕಾಶ ಓದು" ಎಂದಳು. "ನನಗೇನ ಅವಸರಿಲ್ಲ."